ಎರಡನೆಯ ಎಲೆ

ಕಾಫಿ ಹಣ್ಣಿನ ಸಿಪ್ಪೆ ಕೊಳೆತ ಹುಳಿ ವಾಸನೆ ಮೂಗಿಗೆ ಬಡಿದರೆ ವನಜಮ್ಮನಿಗೆ ಇಂದಿಗೂ ಅವ್ವನ ಸೆರಗೇ ನೆನಪಾಗುತ್ತದೆ. ಅರವತ್ತೆರಡರ ಚೀನಾ ಯುದ್ಧಕ್ಕೆ ಹೋದ ಅಪ್ಪ ಕಾಣೆಯಾದಾಗ ಅವಳಿಗೆ ನಾಲ್ಕು ವರ್ಷ. ಪಿಂಚಣಿ ಕಾಗದಕ್ಕೆ ಹೆಬ್ಬೆಟ್ಟೊತ್ತಿದರೆ ಗಂಡ ಸತ್ತನೆಂದು ಒಪ್ಪಿದ ಹಾಗೆ ಎಂದು ಅವ್ವ ಒತ್ತಲೇ ಇಲ್ಲ. ಸುಂಟಿಕೊಪ್ಪದ ಎಸ್ಟೇಟಿನಲ್ಲಿ ಕಾಫಿ ಹಣ್ಣು ಕೀಳುವ ಪಿಕಿಂಗ್ ಕೆಲಸ ಮಾಡಿಯೇ ಇಬ್ಬರು ಮಕ್ಕಳನ್ನು ಸಾಕಿದಳು. ಹೋದ ವರ್ಷ, ಬಳೆ ಕುಂಕುಮ ಇದ್ದ ಹಾಗೆಯೇ ಕಣ್ಣು ಮುಚ್ಚಿದಳು.

ಇಂದು ಮಹಾಲಯ ಅಮಾವಾಸ್ಯೆ, ತೀರಿಕೊಂಡ ಹಿರಿಯರಿಗೆ ಎಡೆ ಇಡುವ ದಿನ. ಅವ್ವನಿಗೆ ಮೊದಲ ಎಡೆ. ಪಕ್ಕದಲ್ಲಿ ಅಪ್ಪನಿಗೂ ಒಂದು ಎಲೆ ಹಾಕೋಣ ಎಂದು ವನಜಮ್ಮ ಬೆಳಿಗ್ಗೆ ಬಾಯಿ ಬಿಟ್ಟದ್ದೇ ತಡ, ಅಣ್ಣ ಕೆಂಪಣ್ಣ ಸಿಡಿದ.

"ಅವ್ವ ಅರವತ್ತು ವರ್ಷ ಬದುಕಿಸ್ಕೊಂಡಿದ್ದೋನ್ನ ನೀನು ಒಂದ್ ಎಲೆ ಹಾಕಿ ಸಾಯಿಸ್ತೀಯೇನೇ? ಕಾಲೇಜು ಓದಿ ಇದೇನಾ ಕಲ್ತಿದ್ದು?"

"ಹಂಗಾರೆ ಅಪ್ಪಂಗೆ ಅನ್ನ ಇಡೋರು ಯಾರಣ್ಣ? ನಿಂಗೆ ಎಪ್ಪತ್ತಾಯ್ತು. ನಾವಿಬ್ರೂ ಹೋದ್ಮೇಲೆ ಅಪ್ಪನ ಹೆಸ್ರು ಹೇಳೋರೂ ಇರಲ್ಲ."

"ಸತ್ತಿದ್ ನೋಡಿದೋರು ಯಾರಾದ್ರೂ ಇದ್ರೆ ಕೇಳ್ಕೊಂಬಾ. ಆಮೇಲೆ ಮಾತಾಡು."

ನೋಡಿರಬಹುದಾದವರು ಒಬ್ಬರೇ ಉಳಿದಿದ್ದರು. ಅಪ್ಪನ ತುಕಡಿಯಲ್ಲೇ ಇದ್ದ ಮೂರ್ನಾಡಿನ ಮೊಣ್ಣಪ್ಪ. ವನಜಮ್ಮ ಕೊಡೆ ಹಿಡಿದು ಹೊರಟಳು. ಅವಳ ಮಂಡಿನೋವು ಕಂಡ ಬಸ್ಸಿನ ಕಂಡಕ್ಟರ್ ಕೇಳದೆಯೇ ಬಾಗಿಲ ಪಕ್ಕದ ಸೀಟು ಬಿಡಿಸಿಕೊಟ್ಟ.

"ಮಾವ, ಅಪ್ಪ ಸತ್ತದ್ದು ನೀವು ನೋಡಿದ್ರಾ?"

ತಮ್ಮ ಮನೆಯ ಜಗಲಿಯಲ್ಲಿ ಕೂತಿದ್ದ ಮೊಣ್ಣಪ್ಪ ಅಂಗಳದ ಕಡೆ ಮುಖ ತಿರುಗಿಸಿ ಹೇಳಿದರು.

"ಆರು ದಿವಸ ಹಿಮದಲ್ಲಿ ನಡೆದದ್ದು. ತಿನ್ಲಿಕ್ಕೆ ಏನೂ ಇಲ್ಲ. ಅವನ ಕಾಲು ಕಪ್ಪಾಗಿತ್ತು. ನೀನು ಹೋಗು ಅಂದ. ನಾನು ಬಂದೆ. ಉಸಿರಾಡ್ತಾ ಇದ್ದ ವನಜ, ಉಸಿರಾಡ್ತಾ ಇದ್ದವನನ್ನೇ ಬಿಟ್ಟು ಬಂದೆ. ನಿನ್ನ ಅಮ್ಮನಿಗೂ ಇಷ್ಟೇ ಹೇಳಿದ್ದು. ಉಸಿರಿತ್ತಲ್ಲ, ಸಾಕು ಅಂದ್ಳು. ಬೈಲಿಲ್ಲ. ನನಗೆ ಕಾಫಿ ಮಾಡಿ ಕೊಟ್ಳು."

ವಾಪಸು ಬರುವಾಗ ವನಜಮ್ಮನಿಗೆ ಬಸ್ಸಿನ ಹೊರಗೆ ಏನೂ ಕಾಣಿಸಲಿಲ್ಲ. ಸತ್ತದ್ದು ನೋಡಿದರಂತೆ ಎಂದು ಒಂದು ಸುಳ್ಳು ಹೇಳಿದರೆ ಸಾಕು, ಅಪ್ಪನಿಗೂ ಎಲೆ ಬೀಳುತ್ತದೆ. ಮಡಿಕೇರಿಯಿಂದ ಸುಂಟಿಕೊಪ್ಪದವರೆಗೂ ಆ ಸುಳ್ಳನ್ನು ಬಾಯೊಳಗೆ ಹೊರಳಿಸಿದಳು. ಮನೆ ಬಾಗಿಲಲ್ಲಿ ಅಣ್ಣನ ಮುಖ ಕಂಡಾಗ ಅದು ಹೊರಡಲೇ ಇಲ್ಲ.

"ಏನಂತೆ?"

"ನೋಡಿಲ್ವಂತೆ. ಬಿಟ್ಟು ಬರುವಾಗ ಉಸಿರಿತ್ತಂತೆ." ಅವಳು ಕೊಡೆಯನ್ನು ಬಾಗಿಲಿಗೆ ಒರಗಿಸಿದಳು. "ಆರು ದಿನದಿಂದ ಹೊಟ್ಟೆಗೆ ಏನೂ ಇರಲಿಲ್ವಂತಣ್ಣ."

ಕೆಂಪಣ್ಣ ಪಕ್ಕಕ್ಕೆ ಸರಿದು ಅವಳಿಗೆ ದಾರಿ ಬಿಟ್ಟ. ನಡುಮನೆಯಲ್ಲಿ ಅವ್ವನ ಎಡೆಯ ಮುಂದೆ ದೀಪ ಉರಿಯುತ್ತಿತ್ತು. ಪಕ್ಕದ ನೆಲ ಬರಿದಾಗಿತ್ತು. ವನಜಮ್ಮ ಅಲ್ಲೇ ಕೂತಳು.

ಕೆಂಪಣ್ಣ ಅಡುಗೆಮನೆಗೆ ಹೋದ. ಒಳಗೆ ಪಾತ್ರೆಗಳ ಸದ್ದಾಯಿತು. ಸ್ವಲ್ಪ ಹೊತ್ತಿಗೆ ತಟ್ಟೆಯ ಮೇಲೆ ಇನ್ನೊಂದು ಬಾಳೆಲೆ ಹಾಸಿ, ಅನ್ನ, ಸಾರು, ಕಡುಬು ತುಂಬ ಬಡಿಸಿಕೊಂಡು ಬಂದ. ಬಗ್ಗಿ, ತಂಗಿಯ ಮುಖ ನೋಡದೆ, ಅದನ್ನು ಅವಳ ಕೈಗೆ ಕೊಟ್ಟ. "ಎಡೆ ಅಂತಲ್ಲ. ಅಪ್ಪ ಹಸ್ಕೊಂಡಿದಾನೆ, ಇಡು," ಅಂದ.