ಇಸ್ತ್ರಿ ಕೋಣೆಯಲ್ಲಿ ಸುರಿದ ನೀರು

ಹೋಟೆಲಿನ ನೆಲಮಾಳಿಗೆಯ ಪಂಪ್ ಕೋಣೆಯಲ್ಲಿ ಅಕ್ಕ, ನಾಲ್ಕನೇ ಮಹಡಿಯ ಇಸ್ತ್ರಿ ಕೋಣೆಯಲ್ಲಿ ತಂಗಿ. ಇಬ್ಬರ ಸಂಸಾರವೂ ಬೇರೆ, ಅನ್ನ ಹಾಕುವ ಕಟ್ಟಡ ಒಂದೇ. ಬೆಂಕಿ ಬಿದ್ದರೆ ಚಾವಣಿಯ ಸ್ಪ್ರಿಂಕ್ಲರ್‌ಗಳಿಗೆ ನೀರು ನೂಕುವ ಪಂಪನ್ನು ಅಕ್ಕ ಹನ್ನೆರಡು ವರ್ಷದಿಂದ ವಾರಕ್ಕೊಮ್ಮೆ ಓಡಿಸಿ ನೋಡುತ್ತಿದ್ದಳು. ಒಮ್ಮೆಯೂ ಅದು ನಿಜವಾದ ಬೆಂಕಿ ಕಂಡಿರಲಿಲ್ಲ. "ನಿಂದು ಕೂತು ಉಣ್ಣೋ ಕೆಲಸ ಬಿಡಮ್ಮ" ಎಂದು ಅಡುಗೆಯವರು ಆಡಿಕೊಳ್ಳುತ್ತಿದ್ದರು.

ಆ ಮಧ್ಯಾಹ್ನ ಪಂಪು ತಾನಾಗಿಯೇ ಶುರುವಾಯಿತು. ಅಕ್ಕನ ಕೈಯ ತುತ್ತು ಡಬ್ಬಿಗೇ ಬಿತ್ತು. ಗೋಡೆಯ ಫಲಕದಲ್ಲಿ ನಾಲ್ಕನೇ ಮಹಡಿಯ ದೀಪ ಕೆಂಪಗಾಗಿತ್ತು. ಲಿಫ್ಟ್ ನಿಂತಿತ್ತು. ಇಳಿದು ಓಡುವವರ ಎದುರಿಗೆ, ನೋಯುವ ಮಂಡಿ ಒತ್ತಿಕೊಳ್ಳುತ್ತ, ಒಬ್ಬಳೇ ಮೆಟ್ಟಿಲು ಹತ್ತಿದಳು.

ಇಸ್ತ್ರಿ ಕೋಣೆಯಲ್ಲಿ ಒಂದೇ ಒಂದು ಸ್ಪ್ರಿಂಕ್ಲರ್ ಒಡೆದು ಸುರಿಯುತ್ತಿತ್ತು. ಕೊಳವೆಯಲ್ಲಿ ವರ್ಷಗಟ್ಟಲೆ ನಿಂತಿದ್ದ ನೀರು, ಕಪ್ಪಗೆ, ನಾತ ಹೊಡೆಯುತ್ತಿತ್ತು. ಮೇಜು ಅರ್ಧ ಸುಟ್ಟಿತ್ತು, ಬೆಂಕಿ ಆರಿತ್ತು. ತಂಗಿ ಬಾಗಿಲಲ್ಲಿ ತೊಯ್ದು ತೊಪ್ಪೆಯಾಗಿ ನಡುಗುತ್ತಿದ್ದಳು. ಅಕ್ಕ ಹಾಸಿಗೆ ಬಟ್ಟೆಗಳ ರಾಶಿಯನ್ನು ಬಗೆದು ಎಲ್ಲೂ ಕಿಡಿ ಉಳಿದಿಲ್ಲವೆಂದು ಖಾತ್ರಿ ಮಾಡಿಕೊಂಡ ಮೇಲೆಯೇ ನೀರು ನಿಲ್ಲಿಸುವ ವಾಲ್ವ್ ತಿರುಗಿಸಿದಳು.

ಮ್ಯಾನೇಜರ್ ಪ್ಯಾಂಟು ಮಡಚಿಕೊಂಡು ಬಂದರು. "ಒಂದು ಬಕೆಟ್ ನೀರಲ್ಲಿ ಆರೋ ಬೆಂಕಿಗೆ ಇಡೀ ಮಹಡಿ ಮುಳುಗಿಸಬೇಕಿತ್ತಾ?"

"ಬಕೆಟ್ ಹಿಡ್ಕೊಂಡು ಯಾರು ನಿಂತಿದ್ರು ಸರ್?" ಎಂದಳು ಅಕ್ಕ.

ಅವರು ಗಂಟು ಮುಖ ಮಾಡಿ, ಸಂಜೆಯೊಳಗೆ ವರದಿ ಬೇಕೆಂದು ಹೇಳಿ ಹೋದರು.

ನೆಲ ಒರೆಸುತ್ತ ತಂಗಿ ಮೆಲ್ಲಗೆ ಹೇಳಿದಳು: "ಅಕ್ಕಾ, ನಾನು ಒಳಗೇ ಇದ್ದೆ. ಇಸ್ತ್ರಿ ಪೆಟ್ಟಿಗೆ ಆರಿಸದೇನೇ ಬಟ್ಟೆ ಮೂಟೆಗೆ ಒರಗಿದ್ದೆ, ಕಣ್ಣು ಹತ್ತಿಬಿಡ್ತು. ಮುಖದ ಮೇಲೆ ನೀರು ಬಿದ್ಮೇಲೇ ಎಚ್ಚರ ಆಗಿದ್ದು."

ಬೈಯಲು ಬಾಯಿ ತೆರೆದ ಅಕ್ಕ ಒದ್ದೆ ಮೂಟೆಯ ಮೇಲೆ ಕುಸಿದು ಕೂತಳು.

"ಯಾವಾಗಿಂದ ಕೆಲಸದಲ್ಲಿದ್ದೀಯೇ?"

"ನಿನ್ನೆ ಸಂಜೆಯಿಂದ. ಜೊತೆಯವಳು ಹೆರಿಗೆಗೆ ಹೋದ್ಮೇಲೆ ಬದಲಿ ಯಾರನ್ನೂ ಹಾಕಿಲ್ವಲ್ಲ." ತಂಗಿ ಬಟ್ಟೆ ಹಿಂಡಿದಳು. "ನಾನು ಮಲಗಿದ್ದು ವರದೀಲಿ ಬರೀತೀಯಾ?"

"ಬರೀಲೇಬೇಕು. ಸುಳ್ಳು ಬರೆಯಲ್ಲ. ಅರ್ಧ ನಿಜಾನೂ ಬರೆಯಲ್ಲ."

ವರದಿಯಲ್ಲಿ ಎರಡೇ ಸಾಲು. ಇಸ್ತ್ರಿ ಪೆಟ್ಟಿಗೆ ಆರಿಸದೆ ಕೆಲಸದವಳು ನಿದ್ದೆ ಹೋದಳು. ಅವಳು ಹತ್ತೊಂಬತ್ತು ಗಂಟೆಯಿಂದ ಒಬ್ಬಳೇ ಕೆಲಸದಲ್ಲಿದ್ದಳು.

"ಎರಡನೇದು ಹೊಡೆದುಹಾಕು," ಎಂದರು ಮ್ಯಾನೇಜರ್.

"ಹಾಗಾದ್ರೆ ಬೇರೆಯವರ ಕೈಲಿ ಬರೆಸಿ ಸರ್. ನಾನು ಸಹಿ ಹಾಕಲ್ಲ."

ಅವರು ಕಾಗದವನ್ನು ಇನ್ನೊಮ್ಮೆ ಓದಿದರು. ಸಹಿ ಹಾಕಿ ಮೇಜಿನಾಚೆ ತಳ್ಳಿದರು. ತಂಗಿಗೆ ಎಚ್ಚರಿಕೆಯ ಪತ್ರ ಬಂತು. ಮರುದಿನದಿಂದ ಬದಲಿ ಹೆಂಗಸನ್ನು ಹಾಕುವುದೆಂದೂ ಆಯಿತು. ಅಕ್ಕ ಒಡೆದ ಸ್ಪ್ರಿಂಕ್ಲರ್ ಬಿಚ್ಚಿ ಹೊಸದು ಕೂರಿಸಿ, ಕೊಳವೆಗೆ ಮತ್ತೆ ನೀರು ತುಂಬಿಸುವಷ್ಟರಲ್ಲಿ ದೀಪ ಹಚ್ಚುವ ಹೊತ್ತಾಗಿತ್ತು.

ಹೊರಗೆ ಬಂದಾಗ ಇಬ್ಬರ ಚಪ್ಪಲಿಯೂ ಪಿಚಕ್ ಪಿಚಕ್ ಎನ್ನುತ್ತಿತ್ತು.

"ನಾಳೆ ಬರಬೇಕಾ ಅಕ್ಕಾ?"

"ಬರಬೇಕು. ಆದ್ರೆ ಸಂಜೆ ಮನೆಗೆ ಹೋಗಬಹುದು," ಎಂದಳು ಅಕ್ಕ.