ನಾಲ್ಕನೆಯ ದಬ್ಬಳ

ಮಧ್ಯಾಹ್ನ ಎರಡೂವರೆಯ ಎಣಿಕೆಗೆ ಭೀಮರಾಜು ಹಲಗೆಯ ಮುಂದೆ ನಿಂತಾಗ ದಬ್ಬಳ ಮೂರೇ ಇದ್ದವು.

ಜೈಲಿನ ಉಗ್ರಾಣದ ಗೋಡೆಗೆ ಹೊಡೆದ ಆ ಹಲಗೆಯ ಮೇಲೆ ಒಂದೊಂದು ಸಾಮಾನಿಗೂ ಅದರದೇ ಆಕಾರದ ಕರಿ ನೆರಳು ಬಳಿದಿತ್ತು. ಕತ್ತರಿಯ ನೆರಳಿನ ಮೇಲೆ ಕತ್ತರಿ, ಸುತ್ತಿಗೆಯ ನೆರಳಿನ ಮೇಲೆ ಸುತ್ತಿಗೆ. ಗೋಣಿಚೀಲ ಹೊಲಿಯುವ ದಬ್ಬಳಗಳಿಗೆ ಗೇಣುದ್ದದ ನಾಲ್ಕು ಗೆರೆ. ಆರು ವರ್ಷದ ಹಿಂದೆ ಮೇಲ್ವಿಚಾರಕನಾಗಿ ಬಂದ ವಾರದಲ್ಲೇ ಭೀಮರಾಜು ತನ್ನ ಕೈಯಾರೆ ಬಳಿದ ನೆರಳುಗಳು ಅವು. ಅವತ್ತಿನಿಂದ ಒಂದು ಮೊಳೆಯೂ ಅಲ್ಲಿಂದ ಕಳೆದಿರಲಿಲ್ಲ. ಈಗ ನಾಲ್ಕನೆಯ ಗೆರೆ ಬರಿದಾಗಿ ಅವನನ್ನೇ ನೋಡುತ್ತಿತ್ತು.

"ಚಿಕ್ಕಹನುಮಯ್ಯ! ದಬ್ಬಳ ಎಲ್ಲಯ್ಯಾ?"

ಎಣ್ಣೆ ಡಬ್ಬಗಳನ್ನು ಜೋಡಿಸುತ್ತಿದ್ದ ಮುದುಕ ಎದ್ದು ಬಂದ. ಶಿರಾ ತಾಲ್ಲೂಕು ತಾವರೆಕೆರೆ ಕಡೆಯವನು. ಬದುವಿನ ಜಗಳದಲ್ಲಿ ದಾಯಾದಿಯ ತಲೆಗೆ ಗುದ್ದಲಿ ಬೀಸಿ ಒಳಗೆ ಬಂದು ಹನ್ನೊಂದು ವರ್ಷ. ಅದರಲ್ಲಿ ಆರು ವರ್ಷ ಭೀಮರಾಜುವಿನ ಕೈಕೆಳಗೆ, ಇದೇ ಉಗ್ರಾಣದಲ್ಲಿ ಕಳೆದಿದ್ದ.

"ಹಲ್ಗೆ ಮ್ಯಾಲಿಲ್ವಾ ಸಾ?"

"ಇದ್ದಿದ್ರೆ ನಿನ್ನ ಯಾಕ್ ಕೇಳ್ತಿದ್ದೆ? ಬೆಳಿಗ್ಗೆ ಸಹಿ ಮಾಡಿ ಇಸ್ಕೊಂಡೋನು ನೀನೇ."

"ಇಸ್ಕಂಡೋನು ನಾನೇಯಾ ಸಾ."

ಮುದುಕ ಏನೋ ಹೇಳಲು ಬಾಯಿ ತೆರೆದಂತೆ ಮಾಡಿ ಮುಚ್ಚಿಕೊಂಡ. ಅದನ್ನು ಗಮನಿಸುವ ವ್ಯವಧಾನ ಭೀಮರಾಜುವಿಗೆ ಇರಲಿಲ್ಲ.

"ಕೈ ತೋರ್ಸು. ಜೇಬು."

ಮುದುಕ ಎರಡೂ ಅಂಗೈ ಚಾಚಿದ. ಬಿಳಿ ಅಂಗಿಯ ಜೇಬನ್ನು ಹೊರಗೆಳೆದು ತೋರಿಸಿದ. ನಾಲ್ಕು ಕಾಳು ರಾಗಿ ಬಿದ್ದವು, ಅಷ್ಟೇ.

ಹೊರಗೆ ದಬ್ಬಳವೆಂದರೆ ದಬ್ಬಳ. ಇಲ್ಲಿ ಅದು ಯಾರದೋ ಹೊಟ್ಟೆಗೆ ಇಳಿಯಬಲ್ಲದ್ದು. ಎರಡು ಬ್ಯಾರಕ್ಕುಗಳ ನಡುವೆ ಹೋದ ತಿಂಗಳಿಂದ ಹೊಗೆಯಾಡುತ್ತಿರುವ ಜಗಳ ಭೀಮರಾಜುವಿಗೆ ಗೊತ್ತಿತ್ತು. ಕೈ ತಾನಾಗಿಯೇ ಫೋನಿಗೆಂದು ಜೇಬು ತಡವಿತು. ಫೋನು ಗೇಟಿನ ಲಾಕರಿನಲ್ಲಿತ್ತು. ಬೆಳಿಗ್ಗೆ ಮಗಳು ಸಂಘಮಿತ್ರಾಗೆ ಮೈ ಕಾದಿತ್ತು. ಶಾಲೆಗೆ ಹೋದಳೋ ಮಲಗಿದ್ದಾಳೋ ತಿಳಿಯದು.

ಮುಖ್ಯ ವಾರ್ಡರ್ ಲಕ್ಷ್ಮೀಪತಿ ನಾಲ್ಕು ಜನರನ್ನು ಕಟ್ಟಿಕೊಂಡು ಬಂದ. ಪಾವಗಡದವನು, ಸಿಟ್ಟು ಬಂದರೆ ತೆಲುಗು ಮುಂದೆ ಬರುತ್ತಿತ್ತು.

"ಏಮಯ್ಯಾ ತಾತಾ, ಈ ದಿನಾನೇ ಬೇಕಾಯ್ತಾ ನಿಂಗೆ? ನಿನ್ ಹೆಂಡ್ತಿ ಹನ್ನೊಂದು ಗಂಟೆಯಿಂದ ಗೇಟ್ ಹತ್ರ ಕೂತವಳೆ, ಚೂಸಾವಾ, ನೋಡಿದ್ಯಾ?"

ಅದೇ ಸಂಕಟ. ಚಿಕ್ಕಹನುಮಯ್ಯನಿಗೆ ಹನ್ನೊಂದು ವರ್ಷದಲ್ಲಿ ಮೊದಲ ಸಲ ಪೆರೋಲ್ ಸಿಕ್ಕಿತ್ತು, ಹದಿನೈದು ದಿನ. ಹಿಂದೆ ಎರಡು ಸಲ ಅರ್ಜಿ ತಿರಸ್ಕಾರವಾಗಿತ್ತು. ಇವತ್ತು ಸಾಯಂಕಾಲ ಐದಕ್ಕೆ ಅವನು ಹೊರಡಬೇಕು. ಹೆಂಡತಿ ಓಬಳಮ್ಮ ಬೆಳಗಿನ ಬಸ್ಸಿಗೇ ಬಂದು ಬೇವಿನ ಮರದ ಕೆಳಗೆ ಕೂತಿದ್ದಳು. ಮಡಿಲಲ್ಲಿ ಗಂಡನಿಗೆ ತಂದ ಹೊಸ ಚಪ್ಪಲಿಯ ಪೊಟ್ಟಣ.

ಸೂಪರಿಂಟೆಂಡೆಂಟ್ ಸಾಹೇಬರು ಭೀಮರಾಜುವನ್ನು ಕರೆಸಿ ಎರಡೇ ಮಾತು ಹೇಳಿದರು. "ಹುಡುಕಿ. ಸಿಗದಿದ್ರೆ ಯಾರು ಇಸ್ಕೊಂಡಿದ್ರೋ ಅವರ ಹೆಸರು ಬರೆದು ನಾಲ್ಕು ಗಂಟೆಗೆ ರಿಪೋರ್ಟ್ ಕೊಡಿ. ರಿಪೋರ್ಟ್ ಬಂದ ಮೇಲೆ ಪೆರೋಲ್ ಇರಲ್ಲ, ನಿಮಗೂ ಗೊತ್ತು."

ಹುಡುಕಿದರು. ಕಂಬಳಿಗಳನ್ನು ಒಂದೊಂದಾಗಿ ಕೊಡವಿದರು. ಸೋಪಿನ ಪೆಟ್ಟಿಗೆ ಸುರಿದರು. ಬೇಳೆಯ ಮೂಟೆಗಳನ್ನು ಅತ್ತಿಂದಿತ್ತ ಇತ್ತಿಂದತ್ತ ಹಾಕಿದರು. ಬ್ಯಾರಕ್ಕುಗಳಲ್ಲಿ ಹಾಸಿಗೆ ಕಿತ್ತು ಎಸೆಯುವ ಸದ್ದು, ಬೈಗುಳ, ಶಿಳ್ಳೆ. ಚಿಕ್ಕಹನುಮಯ್ಯ ಎಲ್ಲರಿಗಿಂತ ಜೋರಾಗಿ ಹುಡುಕಬೇಕಿತ್ತು. ಅವನೋ ಹೇಳಿದ್ದನ್ನು ಎತ್ತಿ, ಹೇಳಿದ ಕಡೆ ಇಟ್ಟು, ಮತ್ತೆ ಮೂಲೆಗೆ ನಿಲ್ಲುತ್ತಿದ್ದ. ಸಿಗುವುದಿಲ್ಲವೆಂದು ಗೊತ್ತಿದ್ದವನ ಹಾಗೆ. ಅದನ್ನು ನೋಡಿ ಭೀಮರಾಜುವಿನ ಅನುಮಾನ ಇನ್ನಷ್ಟು ಬಲಿಯಿತು.

"ನಿಜ ಹೇಳ್ಬುಡು. ಯಾರಿಗಾದ್ರೂ ಕೊಟ್ಯಾ? ಹೆದರ್ಸಿ ಇಸ್ಕೊಂಡ್ರಾ?"

"ಇಲ್ಲ ಸಾ. ಯಾರ್ಗೂ ಕೊಟ್ಟಿಲ್ಲ."

ಮೂಟೆ ಎಳೆಯುವ ಭರದಲ್ಲಿ ಒಂದು ಚೀಲದ ಬಾಯಿ ಹರಿದು ರಾಗಿ ಜರ್ರನೆ ಸುರಿಯಿತು. "ಹೊಲಿ ಅದ್ನ" ಎಂದು ಭೀಮರಾಜು ಹಲಗೆಯಿಂದ ಇನ್ನೊಂದು ದಬ್ಬಳ ತೆಗೆದುಕೊಟ್ಟ, ಕಣ್ಣು ಕೀಳದೆ ನಿಂತ. ಮುದುಕ ಹುರಿ ಪೋಣಿಸಿ ಸರಸರನೆ ಎಂಟು ಹೊಲಿಗೆ ಹಾಕಿದ. ಹುರಿಯನ್ನು ಹಲ್ಲಿನಿಂದ ಕಡಿದು ಎದ್ದವನೇ ನೇರ ಬಂದು ದಬ್ಬಳ ಚಾಚಿದ. ಮೊನೆ ತನ್ನ ಕಡೆಗೆ, ಹುರಿ ಪೋಣಿಸುವ ಕಣ್ಣು ಭೀಮರಾಜುವಿನ ಕಡೆಗೆ. ಯಾವಾಗಲೂ ಹಾಗೆಯೇ. ಒಳಗಿದ್ದು ಕಲಿತ ಪದ್ಧತಿ.

ಭೀಮರಾಜು ಅದನ್ನು ತೆಗೆದುಕೊಂಡ. ಅಷ್ಟರಲ್ಲಿ ಮೇಜಿನ ಮೇಲಿನ ಇಂಟರ್‌ಕಾಮ್ ಕಿರುಗುಟ್ಟಿತು. ಓಡಿಹೋಗಿ ಎತ್ತಿದ.

"ಮೂರು ಹತ್ತಾಯ್ತು. ರಿಪೋರ್ಟ್ ಬರೀತಿದೀರಾ?"

"ಬರೀತಿದೀನಿ ಸಾರ್."

ಪೆನ್ನು ಎತ್ತಲು ಹೋಗಿ ಕೈ ನೋಡಿಕೊಂಡ. ದಬ್ಬಳ ಕೈಯಲ್ಲಿರಲಿಲ್ಲ. ತಿರುಗಿ ನೋಡಿದರೆ, ಈಗ ತಾನೇ ಹೊಲಿದ ಚೀಲದ ಮೂಲೆಯ ಕಿವಿಗೆ ಚುಚ್ಚಿಕೊಂಡು ನೆಟ್ಟಗೆ ನಿಂತಿತ್ತು. ತಾನು ಯಾವಾಗ ಚುಚ್ಚಿದೆನೋ ಅವನಿಗೇ ಗೊತ್ತಾಗಿರಲಿಲ್ಲ.

ಚನ್ನರಾಯನದುರ್ಗದ ಮನೆಯಲ್ಲಿ ಅವನ ಅವ್ವ ಸುಗ್ಗಿಯ ಚೀಲಗಳನ್ನು ಹೊಲಿದು ಮುಗಿಸಿ ದಬ್ಬಳವನ್ನು ಕೊನೆಯ ಚೀಲದ ಕಿವಿಗೇ ಚುಚ್ಚಿಡುತ್ತಿದ್ದಳು. "ಇಲ್ಲಿದ್ರೆ ತಟ್ಟಂತ ಕೈಗ್ ಸಿಗ್ತದೆ ಕಣ್ಲಾ" ಎನ್ನುತ್ತಿದ್ದಳು. ಆ ಕಡೆಯ ಹಳ್ಳಿಗಳಲ್ಲಿ ಎಲ್ಲರೂ ಮಾಡುವುದು ಹಾಗೆಯೇ. ಚಿಕ್ಕಹನುಮಯ್ಯನೂ ಒಂದು ಕಾಲಕ್ಕೆ ಹಾಗೆಯೇ ಮಾಡಿರಬೇಕು. ಆದರೆ ಹನ್ನೊಂದು ವರ್ಷದ ಜೈಲು ಅವನ ಕೈಯಿಂದ ಅದನ್ನು ತೊಳೆದು ಹಾಕಿತ್ತು. ಭೀಮರಾಜು ಮಾತ್ರ ದಿನವೂ ಸಂಜೆ ಮನೆಗೆ ಹೋಗುವವನು, ಅವನ ಕೈಗೆ ಊರಿನ ರೂಢಿ ಬಿಟ್ಟಿರಲಿಲ್ಲ.

ಬೆಳಗಿನದು ಒಂದೊಂದಾಗಿ ನೆನಪಾಯಿತು. ರಾಗಿ ತಂದ ಲಾರಿ ವಾಪಸ್ ಹೊರಟಿತ್ತು. ಹುಳ ಬಿದ್ದ ಒಂದು ಚೀಲವನ್ನು ತಾನೇ ತಿರಸ್ಕರಿಸಿದ್ದ. ಅದರ ಬಾಯಿ ಹೊಲಿಯುತ್ತಿದ್ದಾಗ ಡ್ರೈವರ್ ನವೀನ್ ಕುಮಾರ್ ಹಾರನ್ ಮೇಲೆ ಹಾರನ್ ಹೊಡೆದ. "ಕೊಡಯ್ಯಾ ಇಲ್ಲಿ, ನಿಂದು ಇವತ್ತಿಗೆ ಮುಗಿಯಲ್ಲ" ಎಂದು ಮುದುಕನ ಕೈಯಿಂದ ದಬ್ಬಳ ಕಿತ್ತುಕೊಂಡು ಕೊನೆಯ ಹೊಲಿಗೆ ಹಾಕಿದ್ದು ತಾನು. ಲಾರಿಯ ಗೇಟ್ ಪಾಸಿಗೆ ಸಹಿ ಹಾಕಿದ್ದೂ ತಾನೇ.

ಮೇಜಿನ ಮೇಲೆ ರಿಪೋರ್ಟಿನ ಹಾಳೆ ಇತ್ತು. 'ಸದರಿ ಸಾಮಗ್ರಿಯನ್ನು ಪಡೆದ ಬಂದಿ ಚಿಕ್ಕಹನುಮಯ್ಯ' ಎಂಬಲ್ಲಿಗೆ ನಿಂತಿತ್ತು. ಇನ್ನೊಂದು ಸಾಲು ಬರೆದರೆ ಮುಗಿಯಿತು. ರಿಜಿಸ್ಟರಿನಲ್ಲಿ ಇದ್ದದ್ದು ಮುದುಕನ ಸಹಿ. ಲಾರಿ ಇಷ್ಟೊತ್ತಿಗೆ ಎಲ್ಲಿತ್ತೋ. ಯಾರು ಕೇಳುತ್ತಾರೆ?

ಭೀಮರಾಜು ಮೂಲೆಯಲ್ಲಿ ನಿಂತಿದ್ದ ಮುದುಕನ ಕಡೆ ನೋಡಿದ. ಮುದುಕ ಚೀಲದ ಕಿವಿಯಲ್ಲಿದ್ದ ದಬ್ಬಳವನ್ನೇ ನೋಡುತ್ತಿದ್ದ. ನೋಡಿ, ತಲೆ ತಗ್ಗಿಸಿದ.

ಭೀಮರಾಜು ಆ ದಬ್ಬಳವನ್ನು ಹಲಗೆಗೆ ಮರಳಿಸಿ, ಹಾಳೆಯನ್ನು ಹರಿದು ಸಾಹೇಬರ ಕೋಣೆಗೆ ಹೋದ. ನಡೆದದ್ದನ್ನು ಹೇಳಿದ. ಸಾಹೇಬರು ಕನ್ನಡಕ ತೆಗೆದಿಟ್ಟರು.

"ಮೇಲ್ವಿಚಾರಕರೇ ಆಯುಧ ಹೊರಗೆ ಕಳಿಸಿದ್ರು ಅಂತ ಬರೀಲಾ?"

"ಬರೀರಿ ಸಾರ್."

"ನಿಮ್ಮ ಮಾತನ್ನ ನಾನು ನಂಬಬಹುದು, ಫೈಲ್ ನಂಬಲ್ಲ. ಐದರೊಳಗೆ ದಬ್ಬಳ ಹಲಗೆ ಮೇಲಿದ್ರೆ ಮುದುಕ ಹೋಗ್ತಾನೆ. ಮೆಮೋ ನಿಮಗೆ, ಹೇಗಿದ್ರೂ."

ಗೇಟಿನಲ್ಲಿ ಫೋನು ತೆಗೆದರೆ ಮನೆಯಿಂದ ಮೂರು ಮಿಸ್ಡ್ ಕಾಲ್. ಅದನ್ನು ದಾಟಿ ನವೀನ್ ಕುಮಾರನಿಗೆ ಕರೆ ಮಾಡಿದ.

"ಬಡವನಹಳ್ಳಿ ಹಾಸ್ಟೆಲ್‌ಗೆ ರಾಗಿ ಇಳಿಸ್ತಿದೀನಿ ಸಾರ್. ಏನ್ ದಬ್ಬಳ? ಇರಿ... ಅಯ್ಯಯ್ಯೋ, ಐತೆ ಸಾರ್! ಚೀಲದ ಕಿವೀಲಿ ಐತೆ. ಒಂಚೂರಲ್ಲಿ ನನ್ ತೊಡೆಗೇ ಹೋಗ್ತಿತ್ತು!"

"ಮುಟ್ಟಬೇಡ. ಅಲ್ಲೇ ಇರು, ಬಂದೆ."

ಮಧುಗಿರಿ ಪೇಟೆಯ ಆಟೋಗಳ ನಡುವೆ ಬೈಕು ನುಗ್ಗಿಸಿಕೊಂಡು ಹೋದ. ದಾರಿಯುದ್ದಕ್ಕೂ ಗಡಿಯಾರ ನೋಡಿದ. ಲಾರಿಯ ಹತ್ತಿರ ತಲುಪಿದಾಗ ನಾಲ್ಕೂ ಐದು. ನವೀನ್ ಕುಮಾರ್ ನಗುತ್ತಾ, "ಇಷ್ಟಕ್ಕೆ ಓಡ್ಬಂದ್ರಾ ಸಾರ್? ಶಿರಾದಲ್ಲಿ ಡಜನ್‌ಗಟ್ಟಲೆ ಸಿಗ್ತವೆ, ನಾನೇ ತಂದ್ಕೊಡ್ತಿದ್ದೆ" ಎಂದ. ಭೀಮರಾಜು ಚೀಲದಿಂದ ದಬ್ಬಳ ಕಿತ್ತುಕೊಂಡ. ಕೈಯಲ್ಲಿ ಹಿಡಿದರೆ ಕ್ಲಚ್ ಹಿಡಿಯಲಾಗದು. ಅಂಗಿಯ ಜೇಬಿಗೆ ಅಡ್ಡಲಾಗಿ ಚುಚ್ಚಿಕೊಂಡ. ರಸ್ತೆಯ ಪ್ರತಿ ಉಬ್ಬಿಗೂ ಮೊನೆ ಎದೆಗೆ ತಾಗಿ ಇದ್ದೇನೆ ಎನ್ನುತ್ತಿತ್ತು. ದೊಡ್ಡೇರಿ ಕಡೆಯಿಂದ ಬಂದ ಕುರಿಮಂದೆಯೊಂದು ರಸ್ತೆ ತುಂಬಾ ನಿಂತು ಆರು ನಿಮಿಷ ತಿಂದಿತು.

ನಾಲ್ಕೂ ಐವತ್ತಕ್ಕೆ ಗೇಟು. ಓಬಳಮ್ಮ ಎದ್ದು ಬಂದಳು.

"ಸೋಮೇರಾ, ನಮ್ಮೋರ್ನ ಬುಡಲ್ವಂತೆ? ಯಾರೋ ಅಂದ್ರು."

"ಬುಡ್ತಾರೆ ಇರಮ್ಮ. ಇನ್ನೊಂದತ್ ನಿಮಿಷ."

"ಆರು ಗಂಟೆಗೆ ಕೊನೇ ಬಸ್ಸು ಕಣಪ್ಪ."

ಗೇಟಿನ ವಾರ್ಡರ್ ತಪಾಸಣೆಗೆ ಕೈ ಚಾಚಿದ. ಭೀಮರಾಜು ಜೇಬಿನಿಂದ ದಬ್ಬಳ ಎಳೆದು ಕೊಟ್ಟ. ಮೊನೆ ತನ್ನ ಕಡೆಗೆ, ಕಣ್ಣು ವಾರ್ಡರನ ಕಡೆಗೆ.

ಐದಕ್ಕೆ ಮೂರು ನಿಮಿಷವಿರುವಾಗ ನಾಲ್ಕನೆಯ ನೆರಳು ಮುಚ್ಚಿಕೊಂಡಿತು. ಲಕ್ಷ್ಮೀಪತಿ ಎಣಿಸಿ, "ಸರಿಪೋಯಿಂದಿ" ಎಂದು ನಿಟ್ಟುಸಿರು ಬಿಟ್ಟ. ಚಿಕ್ಕಹನುಮಯ್ಯ ಬಿಳಿ ಬಟ್ಟೆ ಕಳಚಿ, ಬರುವಾಗ ಉಟ್ಟಿದ್ದ ಪಂಚೆಯುಟ್ಟು, ಕಂಬಳಿ ತಟ್ಟೆ ಲೋಟ ಒಪ್ಪಿಸಲು ಉಗ್ರಾಣಕ್ಕೆ ಬಂದ.

"ನಾನು ಚುಚ್ಚಿದ್ದು ನೀನು ನೋಡಿದ್ಯಾ?" ಭೀಮರಾಜು ಮೆಲ್ಲಗೆ ಕೇಳಿದ.

"ನೋಡಿದ್ದೆ ಸಾ. ಕಿವೀಗ್ ಚುಚ್ಚಿದ್ರಿ. ಲಾರಿ ಹೊಂಟೋಯ್ತು."

"ಮತ್ತೆ ಬಾಯ್ ಬುಡೋಕೇನಾಗಿತ್ತು ನಿಂಗೆ?"

ಮುದುಕ ಲೋಟವನ್ನು ತಟ್ಟೆಯ ಮೇಲೆ ಬೋರಲಾಗಿ ಇಟ್ಟ.

"ಕೈ ತೋರ್ಸು ಅಂದ್ರಿ, ತೋರಿಸ್ದೆ. ಜೇಬ್ ತೋರ್ಸು ಅಂದ್ರಿ, ತೋರಿಸ್ದೆ. ಏನ್ ನೋಡ್ದೆ ಅಂತ ನೀವ್ ಕೇಳ್ಲೇ ಇಲ್ವಲ್ಲ ಸಾ."

ಭೀಮರಾಜು ರಿಜಿಸ್ಟರ್ ಎಳೆದುಕೊಂಡ. ಇವತ್ತಿನ ಸಾಲಿನಲ್ಲಿ ಪಡೆದವರು ಎಂಬಲ್ಲಿ ಮುದುಕನ ವಕ್ರ ಸಹಿ. ಹಿಂದಿರುಗಿಸಿದವರು ಎಂಬ ಕಡೆ ಖಾಲಿ. ಆರು ವರ್ಷದಲ್ಲಿ ಆ ಜಾಗದಲ್ಲಿ ಕೈದಿಗಳಲ್ಲದವರ ಹೆಸರು ಬಂದಿರಲಿಲ್ಲ. ಅವನು ತನ್ನ ಹೆಸರು ಬರೆದು, ಕೆಳಗೆ ಸಹಿ ಹಾಕಿದ.

"ಹೊರಡು. ಕೊನೇ ಬಸ್ಸು ಆರಕ್ಕಂತೆ."

"ಬತ್ತೀನಿ ಸಾ. ಹದಿನಾರ್ನೇ ದಿನ." ಬಾಗಿಲ ತನಕ ಹೋದ ಮುದುಕ ತಿರುಗಿ ನಿಂತ. "ಅಲ್ಲೀವರ್ಗೂ ಹೊಲಿಯಾಕೆ ಬ್ಯಾರೆ ಯಾರ್ನಾದ್ರೂ ಇಟ್ಕಳಿ ಸಾ. ನೀವ್ ಮಾತ್ರ ಮುಟ್ಬ್ಯಾಡಿ."

ಲಕ್ಷ್ಮೀಪತಿ ಗೊಳ್ಳೆಂದು ನಕ್ಕ. ಭೀಮರಾಜುವಿಗೂ ನಗು ಬಂತು, ಅರ್ಧಕ್ಕೇ ನಿಂತಿತು. ಮನೆಗೆ ಫೋನು ಮಾಡಬೇಕಿತ್ತು. ಗೇಟಿನ ಕಡೆ ನಾಲ್ಕು ಹೆಜ್ಜೆ ಹಾಕಿದವನು ವಾಪಸ್ ಬಂದು, ಹಲಗೆಯ ಮುಂದೆ ನಿಂತು, ಒಂದೊಂದರ ಮೇಲೂ ಬೆರಳಿಟ್ಟು ಮತ್ತೆ ಎಣಿಸತೊಡಗಿದ.