ಸಿದ್ದಗಂಗಯ್ಯನವರ ಕಂಪೈಲರು

ಸಿದ್ದಗಂಗಯ್ಯನವರು ಬರುತ್ತಿರುವುದು ಕಣ್ಣಿಗಿಂತ ಮೊದಲು ಕಿವಿಗೆ ತಿಳಿಯುತ್ತಿತ್ತು. ಬೂದುಬಣ್ಣದ ಕೋಟಿನ ಜೇಬುಗಳಲ್ಲಿ ಸ್ಕ್ರೂಡ್ರೈವರು, ಬೀಗ ಕಳೆದುಹೋದ ಬೀಗದಕೈಗಳು, ಅಡಿಕೆ ಡಬ್ಬಿ ಎಲ್ಲವೂ ಒಂದಕ್ಕೊಂದು ತಾಕಿ ಸದ್ದು ಮಾಡುತ್ತಿದ್ದವು. ಎಡಜೇಬಿನ ಭಾರಕ್ಕೆ ನಡಿಗೆಯೂ ಎಡಕ್ಕೆ ವಾಲಿತ್ತು. ಏನನ್ನು ಎಸೆಯಿರೆಂದರೂ ಒಂದೇ ಉತ್ತರ: "ಇರ್ಲಿ ಬುಡಿ, ಬೇಕಾಗ್ತದೆ."

ಎಂಬತ್ತರ ದಶಕದ ಕೊನೆಯಲ್ಲಿ ಗುಬ್ಬಿಯಿಂದ ದಿನವೂ ಬಸ್ಸು ಹಿಡಿದು ತುಮಕೂರಿನ ಇಂಜಿನಿಯರಿಂಗ್ ಕಾಲೇಜೊಂದರಲ್ಲಿ ಪಾಠ ಹೇಳುತ್ತಿದ್ದ ಅವರಿಗೆ, ವಿದ್ಯಾರ್ಥಿಗಳು ಬರೆದ ಪ್ರೋಗ್ರಾಮನ್ನು ಯಂತ್ರದ ಭಾಷೆಗೆ ತಿರುಗಿಸುವ ಕಂಪೈಲರನ್ನು, ಅದರ ಮೂಲಪಾಠದಿಂದ ಎಂದರೆ ಸೋರ್ಸ್ ಕೋಡಿನಿಂದ, ತಾವೇ ಕಟ್ಟಬೇಕೆಂಬ ಹಂಬಲ ಹತ್ತಿತು. ಲ್ಯಾಬಿನ ಹಳೆಯ ಕಂಪೈಲರು ನೆಚ್ಚುವಂತಿರಲಿಲ್ಲ. ಬೆಂಗಳೂರಿನ ಗೆಳೆಯರೊಬ್ಬರು ಮೂಲಪಾಠವನ್ನು ಫ್ಲಾಪಿಗಳಲ್ಲಿ ಕೊಟ್ಟರು. ಕಟ್ಟಲು ಕೂತಾಗಲೆಲ್ಲ, ಅತಿ ದೊಡ್ಡ ಫೈಲು ಅರ್ಧ ಸಾಗುವಷ್ಟರಲ್ಲಿ, ಮೆಮೊರಿ ಮುಗಿಯಿತೆಂದು ಯಂತ್ರ ಕೈಚೆಲ್ಲುತ್ತಿತ್ತು.

ಪ್ರಿನ್ಸಿಪಾಲರು ತಾಳ್ಮೆಗೆಟ್ಟರು. "ಶನಿವಾರದವರೆಗೆ ನೋಡಿ. ಆಗ್ಲಿಲ್ಲ ಅಂದ್ರೆ ಮಷೀನು ಆಫೀಸಿಗೆ ಹೋಗ್ಲಿ, ಟೈಪಿಂಗಿಗಾದ್ರೂ ಆಗ್ತದೆ."

ಜೊತೆಯ ಅಧ್ಯಾಪಕಿ ಭದ್ರಮ್ಮ ನಕ್ಕರು. "ಕೋಟು ತುಂಬ್ದಂಗೆ ಮಷೀನೂ ತುಂಬಿಟ್ಟಿದೀರಲ್ಲ ಸಾರ್. ಖಾಲಿ ಮಾಡಿ ಮೊದ್ಲು."

ಮಾತು ನಿಜವಾಗಿತ್ತು. ಯಂತ್ರ ಚಾಲೂ ಆದೊಡನೆ ಮೆಮೊರಿಯಲ್ಲಿ ಬಂದು ಕೂರುವ ಗಡಿಯಾರ, ಕ್ಯಾಲ್ಕುಲೇಟರು, ಎಲ್ಲ ಸಿದ್ದಗಂಗಯ್ಯನವರೇ ಸಾಕಿಕೊಂಡವು. ಅವನ್ನು ತೆಗೆದರು, ಕೆಲಸ ಇನ್ನಷ್ಟು ಸಾಗಿ ನಿಂತಿತು. ದೊಡ್ಡ ಫೈಲನ್ನು ಒಡೆದು ಎರಡು ಮಾಡಿದರು. ದಡ ಕಾಣುವಾಗ ನಿಂತಿತು. ಮೆಮೊರಿಯಲ್ಲಿ ಇನ್ನು ಉಳಿದದ್ದು, ಚುಕ್ಕಿಗೆ ಚುಕ್ಕಿ ಸೇರಿಸಿ ಅವರು ಬಿಡಿಸಿದ್ದ ಕನ್ನಡ ಅಕ್ಷರಗಳ ಪ್ರೋಗ್ರಾಮು. ತಾಯಿ ರೇವಮ್ಮ ಒಮ್ಮೆ ಬಂದು ಪರದೆಯ ಮೇಲೆ ತಮ್ಮ ಹೆಸರನ್ನು ಕೂಡಿಸಿ ಕೂಡಿಸಿ ಓದಿ, "ನಾನೂ ಇದ್ರೊಳಗಿದೀನಲ್ಲೋ" ಎಂದಿದ್ದರು. ಅಂದಿನಿಂದ ಅದನ್ನು ಅವರು ಕದಲಿಸಿರಲಿಲ್ಲ.

"ಫ್ಲಾಪೀಲಿ ಕಾಪಿ ಐತಲ್ಲ ಸಾರ್, ಆಮೇಲೆ ಹಾಕ್ಕೊಂಡ್ರಾಯ್ತು," ಎಂದರು ಭದ್ರಮ್ಮ.

"ಐತೆ. ಆದ್ರೂ ಕೂತೋರ್ನ ಎಬ್ಬಿಸ್ದಂಗೆ ಆಯ್ತದೆ."

ಶನಿವಾರ ಮಧ್ಯಾಹ್ನ ಆ ಅಕ್ಷರಗಳನ್ನು ತಾವೇ ಎಬ್ಬಿಸಿದರು. ಫೈಲುಗಳು ಒಂದೊಂದಾಗಿ ದಾಟಿದವು, ಕೊನೆಯದೂ ದಾಟಿತು. ಕಂಪೈಲರು ಎದ್ದು ನಿಂತಿತು. ಏನಾಯಿತೆಂದು ವಿಚಾರಿಸಲು ಬಂದ ಪ್ರಿನ್ಸಿಪಾಲರಿಗೆ ಅವರು ಮೊದಲಿನಿಂದ, ಒಂದನ್ನೂ ಬಿಡದೆ ವಿವರಿಸಿದರು. ಪ್ರಿನ್ಸಿಪಾಲರ ಕಾಫಿ ಆರಿತು, ಗುಬ್ಬಿ ಬಸ್ಸು ಹೋಯಿತು, ಯಂತ್ರ ಲ್ಯಾಬಿನಲ್ಲೇ ಉಳಿಯಿತು.

ಕೂಡಿಡುವ ಜನರನ್ನು ಜಿಪುಣರೆಂದು ಲೋಕ ನಗುತ್ತದೆ. ಅವರಲ್ಲಿ ಬಹುಮಂದಿಗೆ ವಸ್ತುವಿನ ಆಸೆ ಅಷ್ಟಿರುವುದಿಲ್ಲ. ನಾಳೆ ಯಾರಾದರೂ ಬಂದು ಕೇಳಿದರೆ ಇಲ್ಲವೆನ್ನಬಾರದೆಂಬ ಸಂಕೋಚವೇ ಹೆಚ್ಚು. ಹೊಸಬರಿಗೆ ಜಾಗ ಬೇಕಾದ ದಿನ, ಗೊಣಗುತ್ತಲೇ ಆದರೂ, ಮೊದಲು ಸರಿದು ಕೂರುವವರು ಅವರೇ.